ಆಂಜಿಕೊ ಕ್ಲಬ್ಬಿನ ಕಿವುಡ

ಆಂಜಿಕೊ ಸ್ಪೋರ್ಟ್ ಕ್ಲಬ್
ಪೆದ್ರಾ ದೊ ಸೀನೊ, ಮಿನಾಸ್
17 ಮಾರ್ಚ್ 1986

ಮಾನ್ಯ ದೋನಾ ಅಂಬ್ರೊಸೀನಾ ಪಾಸೋಸ್ ಅವರಿಗೆ,

ಬರುವ ಅಕ್ಟೋಬರ್ ಹನ್ನೆರಡಕ್ಕೆ ನಮ್ಮ ಕ್ಲಬ್ಬಿಗೆ ಅರವತ್ತು ತುಂಬುತ್ತದೆ. ಆ ದಿನಕ್ಕೆ ಕ್ಲಬ್ಬಿನ ಚರಿತ್ರೆಯನ್ನೂ ಪರಿಚಯವನ್ನೂ ಒಂದು ಪುಸ್ತಿಕೆಯಾಗಿ ತರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಮೂವತ್ತೆಂಟು ವರ್ಷ ಕಾರ್ಯದರ್ಶಿಯಾಗಿದ್ದವನು ಎಂಬ ಕಾರಣಕ್ಕೆ ಬರೆಯುವ ಕೆಲಸವನ್ನು ನನಗೆ ವಹಿಸಿದ್ದಾರೆ.

ಹೆಚ್ಚಿನದೆಲ್ಲ ಆಗಲೇ ಬರೆದಾಗಿದೆ. 1926ರಲ್ಲಿ ಇಲ್ಲಿನ ಚರ್ಮ ಹದಮಾಡುವ ಕಾರ್ಖಾನೆಯ ಹನ್ನೊಂದು ಕೆಲಸಗಾರರು ಕ್ಲಬ್ ಕಟ್ಟಿದ್ದು. ಕಾರ್ಖಾನೆಯ ಚೂರುಚರ್ಮವನ್ನು ಹೊಲಿದು ಮೊದಲ ಚೆಂಡು ಮಾಡಿದ್ದು. ನೆಂದರೆ ಅದು ಎಷ್ಟು ಭಾರವಾಗುತ್ತಿತ್ತೆಂದರೆ ತಲೆ ಕೊಡಲು ಯಾರೂ ಮುಂದೆ ಬಾರದೆ ಇದ್ದದ್ದು. ಬೇರೆ ಬಣ್ಣ ಸಿಗದೆ ಆಂಜಿಕೊ ಮರದ ತೊಗಟೆ ನೆನೆಸುವ ತೊಟ್ಟಿಯಲ್ಲೇ ಅಂಗಿಗಳನ್ನು ಅದ್ದಿದರು. ಹೀಗೆ ನಮಗೆ ಕೆಂಗಂದು ಬಣ್ಣವೂ ಹೆಸರೂ ಒಂದೇ ತೊಟ್ಟಿಯಿಂದ ಬಂದವು. ಎದುರಾಳಿಗಳು "ಬಂದ್ರು ನೋಡ್ರೋ ನಾತದವ್ರು" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಈಗ ನಮ್ಮವರೇ ಹಸಿಚರ್ಮದ ತುಂಡು ತಂದು ಗೋಲು ಬಿದ್ದಾಗ ಬೀಸುತ್ತಾರೆ.

ಹದಿನಾಲ್ಕನೆಯ ಪುಟವನ್ನು ಮಾತ್ರ ಖಾಲಿ ಇಟ್ಟಿದ್ದೇನೆ. ಅದು ನಿಮ್ಮ ಮಗ ಡಿಮಾಸ್‌ಗೆ. ಕಣಿವೆಯ ಕಿರಿಯರ ಲೀಗಿನಲ್ಲಿ 1971ರಲ್ಲಿ ನಾವು ಗೆದ್ದ ಕಪ್ ಈ ಕ್ಲಬ್ಬಿನ ಒಂದೇ ಒಂದು ಕಪ್. ಕೊನೆಯ ಪಂದ್ಯದ ಎಂಬತ್ತಮೂರನೆಯ ನಿಮಿಷದ ಗೋಲು ಅವನದು. ಮೂರೇ ದಿನಕ್ಕೆ ಅವನು ತೀರಿಕೊಂಡ. ಹೊಸದಾಗಿ ಕಟ್ಟಿರುವ ಪಡುವಣ ಗ್ಯಾಲರಿಗೆ ಡಿಮಾಸ್ ಪಾಸೋಸ್ ಹೆಸರಿಡಲು ಮಂಡಳಿ ಒಪ್ಪಿದೆ.

ಅವನ ಬಾಲ್ಯದ ಒಂದು ಚಿತ್ರವನ್ನೂ ಬಾಲ್ಯದ ಬಗ್ಗೆ ನಾಲ್ಕು ಸಾಲನ್ನೂ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ. ಸಮಾರಂಭಕ್ಕೆ ನೀವು ಬರಬೇಕು. ಬಸ್ಸಿನ ಚೀಟಿ ಕ್ಲಬ್ ಕಳಿಸುತ್ತದೆ.

ವಿಶ್ವಾಸದಿಂದ,
ಎವಾರಿಸ್ತೊ ಬ್ರಾಗಾ


ವರ್ಜೆಂ ಫುಂದಾ
4 ಮೇ 1986

ಎವಾರಿಸ್ತೊ ಬ್ರಾಗಾ ಅವರಿಗೆ,

ಅಮ್ಮನಿಗೆ ಓದು ಬರುವುದಿಲ್ಲ. ನಿಮ್ಮ ಪತ್ರವನ್ನು ನಾನು ಓದಿ ಹೇಳಿದೆ. ನಾನು ಜೆರೂಜಾ, ಕಿರಿಯ ಮಗಳು. ಇಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ.

ಡಿಮಾಸನ ಬಾಲ್ಯದ ಚಿತ್ರ ನಮ್ಮಲ್ಲಿಲ್ಲ. ಅವನಿಗೆ ಬಾಲ್ಯವೂ ಇರಲಿಲ್ಲ. 1954ರ ನವೆಂಬರಿನಲ್ಲಿ, ಎಂಟು ತಿಂಗಳ ಕೂಸಾಗಿದ್ದಾಗ, ಭೇದಿ ಹತ್ತಿ ಹೋದ. ಅಪ್ಪ ಹಣ್ಣಿನ ಪೆಟ್ಟಿಗೆಯ ಹಲಗೆ ಬಿಚ್ಚಿ ಪುಟ್ಟ ಪೆಟ್ಟಿಗೆ ಮಾಡಿ ನೀಲಿ ಬಣ್ಣ ಬಳಿದರಂತೆ. ಹುಟ್ಟಿದ್ದನ್ನು ಬರೆಸಿದ್ದರು, ಏಕೆಂದರೆ ಅವನ ಜ್ಞಾನಸ್ನಾನದ ಧರ್ಮಪಿತ ಬೇರೆ ಕೆಲಸಕ್ಕೆ ಪಟ್ಟಣದ ಕಡೆ ಹೊರಟಿದ್ದರು. ಸತ್ತದ್ದನ್ನು ಬರೆಸಲು ಒಂದೂವರೆ ದಿನದ ದಾರಿ ಯಾರೂ ನಡೆಯಲಿಲ್ಲ.

ನೀವು ಕೇಳುತ್ತಿರುವ ಚಿತ್ರ ನನ್ನ ದೊಡ್ಡಣ್ಣ ಲೊರಿವಾಲ್‌ನದು. 1949ರಲ್ಲಿ ಹುಟ್ಟಿದವನು. ನಿಮ್ಮ ಕಪ್ ಗೆದ್ದಾಗ ಅವನಿಗೆ ಹದಿನೇಳಲ್ಲ, ಇಪ್ಪತ್ತೆರಡು. ನೀವು ಅವನನ್ನು ಸತ್ತ ತಮ್ಮನ ಜನನಪತ್ರದ ಮೇಲೆ ಕಿರಿಯರ ತಂಡದಲ್ಲಿ ಆಡಿಸಿದಿರಿ. ಇದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಗೊತ್ತಿದ್ದೂ ಹೇಗೆ ಹೀಗೆ ಬರೆದಿರಿ ಎಂದು ಮೂರು ದಿನ ಯೋಚಿಸಿದೆ. ಆ ಸಲ ರಜೆಗೆ ಬಂದಾಗ ಅಣ್ಣ, ಕ್ಲಬ್ಬಿಗೆ ಬೇಕಂತೆ ಎಂದು ತಗಡಿನ ಡಬ್ಬಿಯಿಂದ ಕಾಗದಗಳನ್ನು ತೆಗೆದುಕೊಂಡು ಹೋದ. ಆಮೇಲೆ ಒಂದು ಪತ್ರ ಬಂತು: "ಇಪ್ಪತ್ತೆರಡಕ್ಕೇ ನನಗೆ ವಯಸ್ಸಾಯ್ತಂತೆ ಜೆರೂ, ನಗಬೇಡ. ಎವಾರಿಸ್ತೊ ಸಾರ್ ಏನೋ ದಾರಿ ಹುಡುಕಿದ್ದಾರೆ." ಅಷ್ಟೇ. ದಾರಿ ಯಾವುದೆಂದು ಬರೆದಿರಲಿಲ್ಲ.

ಈಗ ನಮ್ಮ ವಿಷಯ ಹೇಳುತ್ತೇನೆ. ಈ ವರ್ಷ ಮತದಾರರ ಪಟ್ಟಿಯನ್ನು ಹೊಸದಾಗಿ ಮಾಡುತ್ತಿದ್ದಾರಲ್ಲ. ಹೋದ ವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮೇಜಿನ ಹಿಂದಿದ್ದವನು ಹಳೆಯ ಪಟ್ಟಿ ನೋಡಿ ಕೇಳಿದ:

"ಅಜ್ಜಿ, ನಿಮ್ಮ ಮಗ ಲೊರಿವಾಲ್ ಮತ ಹಾಕಿ ಹದಿನೈದು ವರ್ಷ ಆಯ್ತು. ಮತ ಹಾಕದವರಿಗೆ ಬೀಳೋ ದಂಡ ಬೆಳೀತಾ ಇದೆ. ಎಲ್ಲಿದ್ದಾನೆ?"

"ಪೆದ್ರಾ ದೊ ಸೀನೊದಲ್ಲಿ."

"ಅಲ್ಲೇನು ಮಾಡ್ತಾನೆ?"

"ಮಲಗಿದ್ದಾನೆ."

"ಹಾಗಾದ್ರೆ ಎದ್ದು ಬಂದು ಒಂದು ಸಹಿ ಹಾಕೋಕೆ ಹೇಳಿ."

ಸಾಲಿನಲ್ಲಿದ್ದವರು ನಕ್ಕರು. ಅಮ್ಮ ನಗಲಿಲ್ಲ, ಅಳಲೂ ಇಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು, "ನಾನು ಸಾಯೋದ್ರೊಳಗೆ ಅವನ ಹೆಸರು ಅವನಿಗೆ ಕೊಡಿಸು" ಎಂದಳು. ಅವಳ ಕಾಲುಗಳು ಊದಿಕೊಂಡಿವೆ. ವರ್ಷ ದಾಟುವುದು ಕಷ್ಟವೆಂದು ವೈದ್ಯರು ನನ್ನ ಹತ್ತಿರ ಮಾತ್ರ ಹೇಳಿದ್ದಾರೆ.

ವಕೀಲರನ್ನು ಕೇಳಿದೆ. ಡಿಮಾಸ್ ಹೆಸರಿನಲ್ಲಿ ಹೂಳಿರುವುದು ಲೊರಿವಾಲ್‌ನನ್ನು ಎಂದು, ಅವನನ್ನು ಆ ಹೆಸರಿನಲ್ಲಿ ನೋಂದಾಯಿಸಿದವರು ಬರೆದು, ನೋಟರಿಯ ಮುಂದೆ ಸಹಿ ಹಾಕಿಕೊಡಬೇಕಂತೆ. ಆಗ ನ್ಯಾಯಾಧೀಶರು ದಾಖಲೆ ತಿದ್ದಿಸುತ್ತಾರೆ, ಕಲ್ಲನ್ನೂ ಬದಲಾಯಿಸಬಹುದು. ಆ ಕಾಗದ ಬರೆಯಬಲ್ಲವರು ಒಬ್ಬರೇ ಇದ್ದಾರೆ. ಅದನ್ನು ಬರೆದುಕೊಡಿ. ಗ್ಯಾಲರಿ ನಮಗೆ ಬೇಡ.

ಜೆರೂಜಾ ಪಾಸೋಸ್


ಪೆದ್ರಾ ದೊ ಸೀನೊ
25 ಮೇ 1986

ದೋನಾ ಜೆರೂಜಾ,

ಇದನ್ನು ಕ್ಲಬ್ಬಿನ ಕಾಗದದ ಮೇಲೆ ಬರೆಯುತ್ತಿಲ್ಲ. ಮಾರ್ಚಿನ ಪತ್ರವನ್ನು ಹಾಗೆ ಬರೆದದ್ದು ತಪ್ಪು. ಹದಿನೈದು ವರ್ಷ ಒಂದೇ ಹೆಸರನ್ನು ಬರೆದೂ ಬರೆದೂ ಕೈ ತಾನೇ ಬರೆಯುತ್ತದೆ. ಇದು ಸಮಜಾಯಿಷಿಯಲ್ಲ, ಇರುವುದನ್ನು ಹೇಳಿದೆ.

ನೀವು ಕೇಳಿರುವುದು ಒಂದು ಸಹಿ. ಆ ಸಹಿಯಿಂದ ಏನಾಗುತ್ತದೆಂದು ಹೇಳುವುದು ನನ್ನ ಕರ್ತವ್ಯ. ಅರ್ಹನಲ್ಲದ ಆಟಗಾರನನ್ನು ಆಡಿಸಿದ ತಂಡದ ಕಪ್ಪನ್ನು ಲೀಗು ಹಿಂದೆ ಪಡೆಯಬಹುದು. ಅಂದು ಆಡಿದ ಉಳಿದ ಹತ್ತು ಜನ ಇಲ್ಲೇ ಇದ್ದಾರೆ. ಒಬ್ಬ ಬೇಕರಿ ಇಟ್ಟಿದ್ದಾನೆ, ಒಬ್ಬ ಬಸ್ ಓಡಿಸುತ್ತಾನೆ, ಗೋಲು ಕಾಯುತ್ತಿದ್ದವನು ಕಾರ್ಖಾನೆಯ ಯಂತ್ರಕ್ಕೆ ಮೂರು ಬೆರಳು ಕೊಟ್ಟು ಮನೆಯಲ್ಲಿದ್ದಾನೆ. ಅವರ ಬದುಕಿನಲ್ಲಿ ತೋರಿಸಿಕೊಳ್ಳಲು ಇರುವುದು ಆ ಒಂದು ಮಧ್ಯಾಹ್ನ. ಅವರು ಯಾವ ತಪ್ಪನ್ನೂ ಮಾಡಿಲ್ಲ.

ನಿಮ್ಮ ಅಣ್ಣನನ್ನು ಇಲ್ಲಿ ಯಾರೂ ಡಿಮಾಸ್ ಎಂದು ಕರೆಯುತ್ತಿರಲಿಲ್ಲ. ಮೊದಲ ಪಂದ್ಯದಲ್ಲಿ ಕಿರಿಯರ ತಂಡದ ತರಬೇತುದಾರ "ಡಿಮಾಸ್! ಡಿಮಾಸ್!" ಎಂದು ಗಂಟಲು ಹರಿದುಕೊಂಡರೂ ಅವನು ತಿರುಗಿ ನೋಡಲಿಲ್ಲ. ಅವನ ಹೆಸರಲ್ಲವಲ್ಲ. "ಏನಯ್ಯಾ, ಕಿವುಡನ್ನ ಹಿಡ್ಕೊಂಡು ಬಂದಿದ್ದೀರಲ್ಲ!" ಎಂದು ತರಬೇತುದಾರ ನನ್ನ ಮೇಲೆ ರೇಗಿದ. ಅಂದಿನಿಂದ ಅವನು ಕಿವುಡ. ಮೈದಾನವೆಲ್ಲ "ಕಿವುಡಾ! ಕಿವುಡಾ!" ಎನ್ನುತ್ತಿತ್ತು. ಅದಕ್ಕೆ ಮಾತ್ರ ಅವನು ತಿರುಗುತ್ತಿದ್ದ, ನಗುತ್ತಿದ್ದ.

ಅವನ ಸಮಾಧಿಯನ್ನು ನಾನೇ ತೊಳೆಯುತ್ತೇನೆ. ಸತ್ತವರ ಹಬ್ಬದ ದಿನ ಊರಿನವರು ಹೂ ಇಡುತ್ತಾರೆ. ಕಲ್ಲಿನ ಮೇಲೆ ಯಾವ ಹೆಸರಿದ್ದರೂ ಹೂ ಬೀಳುವುದು ಅವನ ಮೇಲೆಯೇ ಎಂದು ನಿಮ್ಮ ತಾಯಿಗೆ ಹೇಳಿ. ನನಗೆ ಎಪ್ಪತ್ತೊಂದು. ಸುಳ್ಳು ದಾಖಲೆ ಕೊಟ್ಟವನೆಂದು ಈ ವಯಸ್ಸಿನಲ್ಲಿ ಠಾಣೆಗೆ ಹೋಗುವ ಧೈರ್ಯ ನನಗಿಲ್ಲ.

ಕ್ಷಮೆ ಇರಲಿ.
ಎವಾರಿಸ್ತೊ


ವರ್ಜೆಂ ಫುಂದಾ
22 ಜೂನ್ 1986

ಎವಾರಿಸ್ತೊ ಅವರೇ,

ನಿನ್ನೆ ವಿಶ್ವಕಪ್ಪಿನಲ್ಲಿ ಫ್ರಾನ್ಸಿನ ಎದುರು ನಾವು ಸೋತ ಮೇಲೆ ಊರೆಲ್ಲ ಬಾಗಿಲು ಹಾಕಿಕೊಂಡಿದೆ. ಇಂದು ಭಾನುವಾರ, ಪೂಜೆಗೂ ಹೆಚ್ಚು ಜನ ಬರಲಿಲ್ಲ. ಬರೆಯಲು ಒಳ್ಳೆಯ ದಿನ.

ನಿಮ್ಮ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಲಿಲ್ಲ. ಕಿವುಡನ ಭಾಗವನ್ನು ಮಾತ್ರ ಓದಿದೆ. ಎರಡು ಸಲ ಓದಿಸಿಕೊಂಡಳು. "ಕರೆದ್ರೆ ಓಗೊಡದವನಲ್ಲ ಅವನು" ಎಂದಳು.

ಹೂ ಯಾರ ಮೇಲೆ ಬೀಳುತ್ತದೆಂದು ಬರೆದಿದ್ದೀರಿ. ಹೆಸರಿನಿಂದ ಏನಾಗುತ್ತದೆ ಎಂದು ನಾನು ನಿಮಗೆ ಹೇಳುತ್ತೇನೆ. ಇದನ್ನು ನೀವು ತಿಳಿದಿರಲಾರಿರಿ.

1971ರ ಡಿಸೆಂಬರ್ ಹದಿನೈದರ ಸಂಜೆ ನಿಮ್ಮ ತಂತಿ ಬಂತು. ನಮ್ಮ ಮನೆಗೆ ಬಂದ ಮೊದಲ ತಂತಿ. ಅಪ್ಪ ಆಗಲೇ ಇರಲಿಲ್ಲ. ಮನೆಯಲ್ಲಿ ಓದು ಬರುತ್ತಿದ್ದದ್ದು ನನಗೊಬ್ಬಳಿಗೆ, ನನಗೆ ಹದಿನಾಲ್ಕು. ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದೆ: ಡಿಮಾಸ್ ಇಂದು ನಿಧನ. ನಾಳೆ ನಾಲ್ಕಕ್ಕೆ ಅಂತ್ಯಕ್ರಿಯೆ. ಸಂತಾಪಗಳು. ಆಂಜಿಕೊ.

ಅಮ್ಮ ಬಟ್ಟೆ ಹಿಂಡುತ್ತಿದ್ದಳು. "ಯಾರಂತೆ?" ಎಂದಳು.

"ಡಿಮಾಸ್ ಅಂತೆ."

"ಈಗ ಗೊತ್ತಾಯ್ತಾ ಇವರಿಗೆ? ಹದಿನೇಳು ವರ್ಷ ಬೇಕಾಯ್ತಾ ನನ್ನ ಕೂಸು ಹೋಗಿದ್ದು ತಿಳಿಯೋಕೆ?"

ಲೊರಿವಾಲ್ ತೆಗೆದುಕೊಂಡು ಹೋಗಿದ್ದ ಕಾಗದಗಳನ್ನು ನೋಡಿ ಯಾರೋ ಗುಮಾಸ್ತ ಏನೋ ಎಡವಟ್ಟು ಮಾಡಿದ್ದಾನೆ ಎಂದುಕೊಂಡೆವು. ಪಕ್ಕದ ಮನೆಯವಳು ಬಂದಳು. "ಅಂಬ್ರೊಸೀನಾ, ನಿನ್ನ ಕೂಸಿಗೆ ಎರಡನೇ ಸಲ ಮಣ್ಣು ಮಾಡ್ತಾರಂತೆ, ಹೋಗಿ ಬಾ" ಎಂದಳು. ಮೂವರೂ ನಕ್ಕೆವು, ಎವಾರಿಸ್ತೊ ಅವರೇ. ನನ್ನ ಅಣ್ಣನ ಸಾವಿನ ಸುದ್ದಿಯನ್ನು ಕೈಯಲ್ಲಿ ಹಿಡಿದು ನಾವು ನಕ್ಕೆವು. ಅಮ್ಮ ಆ ತಂತಿಯನ್ನು ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟಳು.

ಹನ್ನೊಂದು ದಿನವಾದ ಮೇಲೆ ಲೊರಿವಾಲ್‌ನ ಬಟ್ಟೆಯ ಪೆಟ್ಟಿಗೆ ಬಸ್ಸಿನಲ್ಲಿ ಬಂತು. ತೆರೆದೆ. ಅವನ ಬೂಟು, ಎರಡು ಅಂಗಿ, ಕೆಂಗಂದು ಬಣ್ಣದ ಆಟದ ಅಂಗಿ, ಅದರೊಳಗೆ ಪತ್ರಿಕೆಯ ಒಂದು ಹಾಳೆ. ಹಾಳೆಯಲ್ಲಿ ನನ್ನ ಅಣ್ಣನ ಮುಖ. ಕೆಳಗೆ ಡಿಮಾಸ್ ಪಾಸೋಸ್, ಹದಿನೇಳು, ಅಭ್ಯಾಸದ ವೇಳೆ ಕುಸಿದು ಸಾವು ಎಂದಿತ್ತು. ಓದು ಬರುತ್ತಿದ್ದವಳು ನಾನೊಬ್ಬಳೇ. ಓದದೆ ಇರಬಹುದಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಜನವರಿಯಲ್ಲಿ ಅಮ್ಮ ಒಬ್ಬಳೇ ನಿಮ್ಮೂರಿಗೆ ಬಂದಳು. ನೀವು ಅವಳಿಗೆ ಕಾಫಿ ಕೊಟ್ಟಿರಿ. ಆಮೇಲೆ ಹೇಳಿದಿರಿ: "ಅಮ್ಮಾ, ಆ ಜನನಪತ್ರ ಹೊರಟಿದ್ದು ನಿಮ್ಮ ಮನೆಯಿಂದ. ಬಾಯಿ ಬಿಟ್ರೆ ಪೊಲೀಸರು ಮೊದಲು ಬರೋದು ನಿಮ್ಮ ಬಾಗಿಲಿಗೆ." ಅವಳು ಸುಮ್ಮನಾದಳು. ಈಗ ಠಾಣೆಯ ಭಯ ನಿಮಗೆ ಬಂದಿದೆ.

ನನಗೊಂದೇ ಪ್ರಶ್ನೆ. ತಂತಿಯಲ್ಲಿ ಹೆಸರು ಹಾಕದೆ "ನಿಮ್ಮ ಮಗ" ಎಂದಷ್ಟೇ ಬರೆದಿದ್ದರೆ ನಾವು ಬರುತ್ತಿದ್ದೆವು. ಮಣ್ಣು ಮಾಡುವುದನ್ನು ಅವನ ತಾಯಿ ನೋಡುತ್ತಿದ್ದಳು. ಏಕೆ ಬರೆಯಲಿಲ್ಲ?

ಜೆರೂಜಾ


ಪೆದ್ರಾ ದೊ ಸೀನೊ
17 ಆಗಸ್ಟ್ 1986

ದೋನಾ ಜೆರೂಜಾ,

ನೋಟರಿಯ ಮುದ್ರೆಯಿರುವ ಹೇಳಿಕೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಎರಡು ಪ್ರತಿಗಳಿವೆ.

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುತ್ತ ಜುಲೈ ಪೂರ್ತಿ ಕಳೆಯಿತು. ಅಂಚೆ ಕಚೇರಿಯ ಗುಮಾಸ್ತ ಎದುರಾಳಿ ಕ್ಲಬ್ಬಿನವನು, ಅವನಿಗೆ ಸುಳಿವು ಸಿಗಬಾರದೆಂದು ಹಾಗೆ ಬರೆದೆ ಎಂದು ಮೊದಲು ಬರೆದುಕೊಂಡೆ. ಓದಿ ಹರಿದುಹಾಕಿದೆ. ನಿಜ ಅದಲ್ಲ. ನಾನು ಯೋಚಿಸಲೇ ಇಲ್ಲ. ಫಾರಂ ಮೇಲೆ ಸತ್ತವರ ಹೆಸರು ಬರೆಯಬೇಕಿತ್ತು, ಬರೆದೆ. ಆ ಹೊತ್ತಿಗೆ ನನ್ನ ಮಟ್ಟಿಗೆ ಅವನು ಡಿಮಾಸ್ ಆಗಿಬಿಟ್ಟಿದ್ದ. ಯಾರೂ ಬಾರದೆ ಇದ್ದದ್ದನ್ನು ನೋಡಿ, ಮಗನ ಸಾವಿಗೂ ಬಾರದ ಜನ ಎಂದು ಸಮಾಧಿಯ ಹತ್ತಿರ ನಿಂತು ನಿಮ್ಮ ತಾಯಿಯನ್ನು ಮನಸ್ಸಿನಲ್ಲೇ ಬೈದೆ. ಇದನ್ನೂ ನೀವು ತಿಳಿದಿರಬೇಕು.

ನೋಟರಿಯಲ್ಲಿರುವ ಹುಡುಗಿ ಹೇಳಿಕೆ ಓದಿ ತಲೆ ಎತ್ತಿದಳು. ಅವಳ ಅಣ್ಣನೇ ಆ ದಿನದ ಎಡ ರಕ್ಷಕ.

"ಎವಾರಿಸ್ತೊ ಸಾರ್, ಇದನ್ನ ಓದಿ ಸಹಿ ಹಾಕ್ತಿದ್ದೀರಾ?"

"ಬರೆದವನೇ ನಾನಮ್ಮ."

ಅವಳು ಮುದ್ರೆಯನ್ನು ಎಷ್ಟು ಜೋರಾಗಿ ಒತ್ತಿದಳೆಂದರೆ ಮೇಜಿನ ಮೇಲಿದ್ದ ಲೋಟ ಉರುಳಿತು.

ಮರುದಿನ ಅಧ್ಯಕ್ಷ ತೆಯೊಬಾಲ್ದೊ ಮನೆಗೇ ಬಂದ. ಕಬ್ಬಿಣದ ಅಂಗಡಿಯವನು, ನನ್ನ ಕಣ್ಣೆದುರೇ ಬೆಳೆದವನು. ಕೂರಲಿಲ್ಲ.

"ಅರವತ್ತು ವರ್ಷಕ್ಕೆ ಒಂದು ಕಪ್ಪು ಯಜಮಾನ್ರೇ. ಅದನ್ನೂ ಒಯ್ದು ಚರಂಡಿಗೆ ಹಾಕಿದ್ರಲ್ಲ. ಸ್ವಲ್ಪ ದಿನ ತಡೆದಿದ್ರೆ ನೀವೂ ಹೋಗ್ತಿದ್ರಿ, ಆ ಮುದುಕಿನೂ ಹೋಗ್ತಿದ್ಲು. ಯಾರಿಗೆ ಏನು ನಷ್ಟ ಆಗ್ತಿತ್ತು?"

"ತಪ್ಪು ನನ್ನದು, ಹುಡುಗರದ್ದಲ್ಲ ಅಂತ ಪುಸ್ತಿಕೆಯಲ್ಲಿ ಹಾಕಿ" ಎಂದೆ.

"ಪುಸ್ತಿಕೆಯಲ್ಲಿ ನೀವೇ ಇರಲ್ಲ" ಎಂದು ಹೋದ.

ಹದಿನಾಲ್ಕನೆಯ ಪುಟವನ್ನು ಕಿತ್ತುಹಾಕಿದ್ದಾರೆ. ಗ್ಯಾಲರಿಗೆ ಸಿಮೆಂಟ್ ಕೊಟ್ಟವನ ಹೆಸರು ಬರುತ್ತದೆ. ಬೇಕರಿಯವನು ನನಗೆ ಬ್ರೆಡ್ಡು ಕೊಡುವುದನ್ನು ನಿಲ್ಲಿಸಿಲ್ಲ, ಮಾತು ನಿಲ್ಲಿಸಿದ್ದಾನೆ.

ಇನ್ನೊಂದು ವಿಷಯ. ಕಪ್ಪನ್ನು ಹಿಂದಿರುಗಿಸುತ್ತೇವೆಂದು ಲೀಗಿಗೆ ನಾನೇ ಬರೆದಿದ್ದೆ. ಹಳೆಯ ಖಜಾಂಚಿ ಎರಡು ಸಾಲಿನ ಉತ್ತರ ಹಾಕಿದ್ದಾರೆ. ಲೀಗು 1978ರಲ್ಲೇ ಮುಚ್ಚಿತಂತೆ, ಕಾಗದಪತ್ರಗಳು ಎಲ್ಲಿವೆಯೋ ಅವರಿಗೂ ತಿಳಿದಿಲ್ಲವಂತೆ, ಕಪ್ಪನ್ನು ವಾಪಸು ಪಡೆಯಲು ಯಾರೂ ಇಲ್ಲವಂತೆ. ಅದು ಕಪಾಟಿನಲ್ಲೇ ಇದೆ. ಇಷ್ಟು ವರ್ಷ ನಾನು ಬಾಗಿಲು ಕಾಯುತ್ತಿದ್ದೆ, ಕೇಳಲು ಬರುವವರು ಯಾರೂ ಇರಲಿಲ್ಲ.

ಎವಾರಿಸ್ತೊ


ವರ್ಜೆಂ ಫುಂದಾ
7 ಸೆಪ್ಟೆಂಬರ್ 1986

ಎವಾರಿಸ್ತೊ ಅವರೇ,

ಹೇಳಿಕೆ ತಲುಪಿತು. ವಕೀಲರು ಅರ್ಜಿ ಹಾಕಿದ್ದಾರೆ. ಅಮ್ಮ ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಲೊರಿವಾಲ್ ಎಂಬ ಹೆಸರು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಬೆರಳಿಟ್ಟು ಅಕ್ಷರಗಳನ್ನು ಮುಟ್ಟಿದಳು. ಎಷ್ಟು ಉದ್ದ ಇದೆಯಲ್ಲ ಎಂದಳು.

ನಿಮ್ಮ ಮೇಲೆ ನನಗಿದ್ದ ಕೋಪ ಹೋಯಿತೆಂದು ಹೇಳಲಾರೆ. ಆದರೆ ಬೈದದ್ದನ್ನೂ ಮುಚ್ಚಿಡದೆ ಬರೆದಿರಿ. ಈ ವಯಸ್ಸಿನಲ್ಲಿ ನೀವು ಕಳೆದುಕೊಂಡದ್ದು ನನಗೆ ಅರ್ಥವಾಗುತ್ತದೆ.

ಬಸ್ಸಿನವನ ಕೈಯಲ್ಲಿ ಒಂದು ಚೀಸ್ ಕಳಿಸಿದ್ದೇವೆ. ಅಮ್ಮ ಕುರ್ಚಿಯಲ್ಲಿ ಕೂತು ತಾನೇ ಒತ್ತಿದ್ದು. ಹೀಗೆ ಬರೆ ಎಂದಳು: "ಆ ಮನುಷ್ಯನ ಎದೆಯನ್ನ ದೇವರು ಕಾಯಲಿ. ಅವತ್ತು ನನ್ನ ಮಗ ಬೆಳಿಗ್ಗೆ ಏನು ತಿಂದಿದ್ದ? ನೋವಾಯ್ತಾ ಅವನಿಗೆ? ಹತ್ತಿರ ಇದ್ದವರು ನೀವೇ ಅಲ್ವಾ, ಹೇಳಿ."

ವಂದನೆಗಳೊಂದಿಗೆ,
ಜೆರೂಜಾ


ಪೆದ್ರಾ ದೊ ಸೀನೊ
28 ಸೆಪ್ಟೆಂಬರ್ 1986

ದೋನಾ ಜೆರೂಜಾ,

ಚೀಸ್ ಬಂದು ಎರಡು ವಾರವಾಯಿತು. ಕತ್ತರಿಸಿಲ್ಲ. ಬಟ್ಟೆ ಸುತ್ತಿದ ಹಾಗೆಯೇ ಮೇಜಿನ ಮೇಲಿದೆ. ಅದನ್ನು ತಿನ್ನುವ ಮೊದಲು ಬರೆಯಬೇಕಾದದ್ದು ಇದೆ. ಬರೆದ ಮೇಲೆ ತಿನ್ನಲಾಗುವುದಿಲ್ಲ.

ಮೊದಲು ನಿಮ್ಮ ತಾಯಿಗೆ ಉತ್ತರ. ಮೆಕ್ಕೆಜೋಳದ ಹಿಟ್ಟಿನ ಕುಸ್ಕುಸ್ಸು ಮತ್ತು ಕಾಫಿ. ಎರಡನೇ ಸಲ ಹಾಕಿಸಿಕೊಂಡ. ಬೆಳಿಗ್ಗೆ ಎಂಟೂವರೆ. ಎಲ್ಲರೂ ಮೈದಾನ ಸುತ್ತುತ್ತಿದ್ದರು. ಮೂರನೇ ಸುತ್ತಿನಲ್ಲಿ ಮೂಲೆಯ ಬಾವುಟದ ಹತ್ತಿರ ಬೂಟಿನ ದಾರ ಕಟ್ಟುವವನಂತೆ ಕೂತ. ಹಿಂದಿದ್ದವನು "ಏಳೋ ಕಿವುಡಾ, ಸೋಮಾರಿ!" ಎಂದು ದಾಟಿಕೊಂಡು ಹೋದ. ಅವರು ಮತ್ತೆ ಸುತ್ತಿ ಬರುವಷ್ಟರಲ್ಲಿ ಮುಗಿದಿತ್ತು. ಕೂಗಲಿಲ್ಲ. ನೋವಾಯಿತೋ ಇಲ್ಲವೋ ತಿಳಿಯದು.

ಇನ್ನು ಉಳಿದದ್ದು. ಇದನ್ನು ತಾಯಿಗೆ ಓದಿ ಹೇಳುವುದು ಬಿಡುವುದು ನಿಮಗೆ ಸೇರಿದ್ದು.

ವಯಸ್ಸು ತಗ್ಗಿಸಲು ಹೆಸರು ಬದಲಾಯಿಸಿದೆವೆಂದು ಎಲ್ಲರೂ ತಿಳಿದಿದ್ದಾರೆ. ಅವನೂ ಹಾಗೆಯೇ ತಿಳಿದಿದ್ದ. ಹೇಳಿಕೆಯಲ್ಲಿ ನಾನು ಬರೆದದ್ದೂ ಅದನ್ನೇ. ಕಾರಣ ಅದಾಗಿರಲಿಲ್ಲ.

1971ರ ಮಾರ್ಚಿನಲ್ಲಿ, ಇಲ್ಲಿ ಇನ್ನೂ ಯಾರಿಗೂ ಪರಿಚಯವಿಲ್ಲದ ಹೊಸಬನಾಗಿದ್ದ ಲೊರಿವಾಲ್ ತನ್ನ ಸ್ವಂತ ಹೆಸರಿನಲ್ಲಿ ದೊಡ್ಡವರ ತಂಡಕ್ಕೆ ಆಯ್ಕೆಯಾದ. ದೊಡ್ಡವರ ತಂಡದವರೆಲ್ಲ ಕಾರ್ಖಾನೆಯ ಸಂಬಳದವರು, ಆದ್ದರಿಂದ ವಿಮೆಯವರು ಹೃದಯದ ಪರೀಕ್ಷೆ ಕೇಳುತ್ತಿದ್ದರು. ನಾನೇ ಅವನನ್ನು ನಗರಕ್ಕೆ ಕರೆದುಕೊಂಡು ಹೋದೆ. ಎದೆಗೆ ತಂತಿ ಅಂಟಿಸಿ ಕಾಗದದ ಮೇಲೆ ಗೆರೆ ತೆಗೆದರು, ರಕ್ತವನ್ನೂ ತೆಗೆದರು. ಫಲಿತಾಂಶ ಹತ್ತು ದಿನದ ಮೇಲೆ ನನ್ನ ಕೈಗೆ ಬಂತು. ನಿಮ್ಮ ಕಡೆಯ ಮಣ್ಣಿನ ಗೋಡೆಗಳ ಬಿರುಕಿನಲ್ಲಿ ಇರುತ್ತದಲ್ಲ, ಮಲಗಿದವರ ಮುಖ ಕಚ್ಚುತ್ತದೆಂದು ಕ್ಷೌರಿಕ ಎಂದು ಕರೆಯುವ ಆ ಹುಳು, ಅದು ತರುವ ರೋಗ. ಹೃದಯಕ್ಕೆ ಇಳಿದಿತ್ತು. ಕೆಳಗೆ ವೈದ್ಯರು ಬರೆದಿದ್ದರು: ಓಡಬಾರದು, ಭಾರ ಎತ್ತಬಾರದು, ಮನೆಯವರಿಗೆ ತಿಳಿಸಿ.

ಕಿರಿಯರ ಲೀಗಿಗೆ ಈ ಪರೀಕ್ಷೆ ಬೇಕಿರಲಿಲ್ಲ. ನಮ್ಮೂರಿನ ವೈದ್ಯರ ಒಂದು ಸಹಿ ಸಾಕು. ಅವರು ಹುಡುಗರ ಮುಖವನ್ನೂ ನೋಡದೆ ಹಾಕುತ್ತಿದ್ದರು. ಹೊಸ ಹೆಸರಿಗೆ ಹಳೆಯ ಪರೀಕ್ಷೆ ಇರುವುದಿಲ್ಲ.

ಕಚೇರಿಗೆ ಬಂದು ಅವನು ಬಾಗಿಲಲ್ಲೇ ನಿಂತ.

"ಸಾರ್, ನಾನು ಬೇಡ್ವಂತಾ?"

"ವಯಸ್ಸಾಯ್ತು ಅಂತಾರಪ್ಪ."

"ಇಪ್ಪತ್ತೆರಡಕ್ಕಾ?" ನಕ್ಕ. "ನಮ್ಮೂರಲ್ಲಿ ಕತ್ತೇನೂ ಇದಕ್ಕಿಂತ ಹೆಚ್ಚು ವರ್ಷ ದುಡಿಯುತ್ತೆ ಸಾರ್."

ಕಾಗದ ನನ್ನ ಕೈಯ ಕೆಳಗೇ ಇತ್ತು. ಅವನಿಗೆ ಅದನ್ನು ಓದಿ ಹೇಳಲು ಒಂದು ನಿಮಿಷ ಸಾಕಿತ್ತು. ಅಷ್ಟು ಚೆನ್ನಾಗಿ ಆಡುವವನು ಈ ಮೈದಾನಕ್ಕೆ ನಲವತ್ತೈದು ವರ್ಷದಲ್ಲಿ ಬಂದಿರಲಿಲ್ಲ. ಕಾಗದವನ್ನು ಡ್ರಾಯರಿಗೆ ಸರಿಸಿ ಮುಚ್ಚಿದೆ.

"ನಿನಗೆ ತಮ್ಮ ಇದ್ದಾನಾ?" ಎಂದು ಕೇಳಿದೆ.

"ಇದ್ದ" ಎಂದ.

ಅಷ್ಟೇ. ಮುಂದಿನದು ನಿಮಗೆ ಗೊತ್ತು. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ತರಬೇತುದಾರನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೊಬ್ಬನಿಗೆ. ಎಂಬತ್ತಮೂರನೆಯ ನಿಮಿಷದಲ್ಲಿ ಅವನು ಅರ್ಧ ಮೈದಾನ ಓಡಿದಾಗ ಎಲ್ಲರೂ ಎದ್ದು ನಿಂತು ಕೂಗುತ್ತಿದ್ದರು. ನಾನೂ ಕೂಗಿದೆ.

ಆ ಕಾಗದವನ್ನು ಸುಡಲಾಗಲಿಲ್ಲ. ಡ್ರಾಯರಿನ ತಳದ ಹಾಳೆಯ ಕೆಳಗೆ ಇಟ್ಟಿದ್ದೆ. ಮನೆಯವರಿಗೆ ತಿಳಿಸಿ ಎಂದಿತ್ತು. ಇದರೊಂದಿಗೆ ಕಳಿಸುತ್ತಿದ್ದೇನೆ.

ನೀವೂ ಅದೇ ಮನೆಯಲ್ಲಿ ಮಲಗಿ ಬೆಳೆದವರು. ನಿಮ್ಮ ತಾಯಿಯ ಕಾಲಿನ ಊತದ ಬಗ್ಗೆ ಬರೆದಿದ್ದಿರಿ. ದಯವಿಟ್ಟು ನೀವೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಎವಾರಿಸ್ತೊ ಬ್ರಾಗಾ


ವರ್ಜೆಂ ಫುಂದಾ
21 ಡಿಸೆಂಬರ್ 1986

ಎವಾರಿಸ್ತೊ ಬ್ರಾಗಾ ಅವರಿಗೆ,

ಅಕ್ಟೋಬರಿನಲ್ಲೂ ನವೆಂಬರಿನಲ್ಲೂ ನಿಮಗೆ ಬರೆಯಲು ಕೂತು ಎದ್ದಿದ್ದೇನೆ. ಇದು ಕೊನೆಯ ಪತ್ರ. ತಿಳಿಸಬೇಕಾದ ಕೆಲವು ಸಂಗತಿಗಳಿವೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ನೀವು ಕಳಿಸಿದ ಗೆರೆಗಳ ಕಾಗದವನ್ನು ಇಲ್ಲಿನ ವೈದ್ಯರಿಗೆ ತೋರಿಸಿದೆ. ಓಡದೆ ಇದ್ದಿದ್ದರೆ ಎಷ್ಟು ವರ್ಷ ಇರುತ್ತಿದ್ದ ಎಂದು ಕೇಳಿದೆ.  "ಹೇಳೋಕಾಗಲ್ಲಮ್ಮ. ಕೆಲವರು ಐವತ್ತು ದಾಟ್ತಾರೆ. ಅಂಗಡಿ ಇಟ್ಕೋಬಹುದಿತ್ತು, ಮದುವೆ ಆಗಬಹುದಿತ್ತು" ಎಂದರು. ನಾನು ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಫಲಿತಾಂಶವನ್ನು ನಿಮಗೆ ಹೇಳುವುದಿಲ್ಲ.

ಅಮ್ಮನಿಗೆ ಕುಸ್ಕುಸ್ಸಿನ ಭಾಗವನ್ನು ಓದಿ ಹೇಳಿದೆ. ಎರಡನೇ ಸಲ ಹಾಕಿಸಿಕೊಂಡನೆಂಬುದನ್ನು ಕೇಳಿ ತಲೆಯಾಡಿಸಿದಳು. ಮುಂದಿನದನ್ನು ಓದಲಿಲ್ಲ. ಹೀಗಾಗಿ ನಿಮ್ಮನ್ನು ಹರಸುತ್ತಲೇ ಇದ್ದಳು, ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಮುಚ್ಚಿಡುವ ಕೆಲಸವನ್ನು ನಿಮ್ಮಿಂದ ನನಗೆ ದಾಟಿಸಿದಿರಿ.

ನವೆಂಬರ್ ಇಪ್ಪತ್ತಕ್ಕೆ ನ್ಯಾಯಾಧೀಶರ ಆದೇಶ ಬಂತು. ಲೊರಿವಾಲ್ ಪಾಸೋಸ್ 1971ರ ಡಿಸೆಂಬರ್ ಹದಿನೈದರಂದು ಮೃತನಾದನೆಂದು ದಾಖಲಾಗಿದೆ. ಮತ ಹಾಕದ್ದಕ್ಕೆ ಅವನ ಮೇಲಿದ್ದ ದಂಡ ರದ್ದಾಗಿದೆ. ಡಿಮಾಸ್ ಸತ್ತನೆಂಬ ಆ ವರ್ಷದ ದಾಖಲೆಯನ್ನು ಹೊಡೆದುಹಾಕಿದ್ದಾರೆ.

ಆಗ ವಕೀಲರು ಇನ್ನೊಂದು ವಿಷಯ ಹೇಳಿದರು. ಡಿಮಾಸ್ 1954ರಲ್ಲಿ ತೀರಿಕೊಂಡದ್ದು ಎಲ್ಲೂ ಬರೆದಿಲ್ಲ. ಸುಳ್ಳು ದಾಖಲೆ ಹೋದ ಮೇಲೆ ಸರಕಾರದ ಲೆಕ್ಕದಲ್ಲಿ ಅವನು ಬದುಕಿದ್ದಾನೆ, ವಯಸ್ಸು ಮೂವತ್ತೆರಡು. ಕೂಸನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವಳು ಅಮ್ಮ ಒಬ್ಬಳೇ, ಅವಳು ಹೆಬ್ಬೆಟ್ಟು ಒತ್ತಿದರೆ ಅದನ್ನೂ ಸರಿಪಡಿಸಬಹುದು ಎಂದರು. ಕಾಗದವನ್ನೂ ಶಾಯಿಯನ್ನೂ ಮನೆಗೇ ತಂದಿದ್ದರು.

ಅಮ್ಮ ಅಷ್ಟು ಹೊತ್ತಿಗೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ವಿಷಯವನ್ನು ನಿಧಾನವಾಗಿ ಹೇಳಿದೆ.

"ಅಂದ್ರೆ ಅವರ ಪುಸ್ತಕದಲ್ಲಿ ಅವನು ಇದ್ದಾನಾ?"

"ಇದ್ದಾನೆ."

"ಮೂವತ್ತೆರಡಾ?"

"ಹೂಂ."

ವಕೀಲರು ಶಾಯಿಯ ಡಬ್ಬಿ ತೆರೆದು ಹತ್ತಿರ ಹಿಡಿದರು. ಅಮ್ಮ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಒಬ್ಬನಾದ್ರೂ ಇರಲಿ ಬಿಡಿ" ಎಂದಳು.

ಅವರು ಎರಡು ಸಲ ಕೇಳಿದರು. ಅಮ್ಮ ಕೈ ಹೊರಗೆ ತೆಗೆಯಲಿಲ್ಲ. ಡಿಸೆಂಬರ್ ಎರಡರಂದು ಹೋದಳು. ಮರುದಿನವೇ ಬರೆಸಿ ಬಂದೆ, ಸರಿಯಾದ ಹೆಸರಿನಲ್ಲಿ.

ಹದಿನೈದಕ್ಕೆ ನಿಮ್ಮೂರಿಗೆ ಬಂದು ಹೋದೆ. ನಿಮಗೆ ತಿಳಿಸಲಿಲ್ಲ. ಹೊಸ ಕಲ್ಲನ್ನು ಕೂರಿಸಿದ್ದಾರೆ. ಲೊರಿವಾಲ್ ಪಾಸೋಸ್, 1949–1971. ಕೆಳಗೆ ಕಿವುಡ ಎಂದು ಕೆತ್ತಲೇ ಎಂದು ಕಲ್ಲುಕುಟಿಗ ಕೇಳಿದ, ಊರಿನವರು ಕೇಳುತ್ತಿದ್ದಾರಂತೆ. ಬೇಡವೆಂದೆ.

ಕಲ್ಲನ್ನು ಆಗಲೇ ಯಾರೋ ತೊಳೆದಿದ್ದರು. ಅಂಚಿನಲ್ಲಿ ನೀರು ಇನ್ನೂ ಆರಿರಲಿಲ್ಲ. ಇನ್ನು ಮುಂದೆ ತೊಳೆಯಬೇಡಿ.

ಜೆರೂಜಾ ಪಾಸೋಸ್